ಲಿನಕ್ಸ್ ಯಂತ್ರಕ್ಕೆ ಕನ್ನ ಬಿದ್ದಿದೆಯೇ? ನೀವೇ ನೋಡಿಕೊಳ್ಳುವ ಬಗೆ

ಬಾಡಿಗೆಗೆ ಹಿಡಿದ ಹೊಸ ಸರ್ವರ್‌ಗೆ ಐಪಿ ವಿಳಾಸ ಸಿಕ್ಕ ಸ್ವಲ್ಪ ಹೊತ್ತಿಗೇ ಅದರ ಲಾಗ್ ತೆರೆದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ‘ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್’ ಎಂಬ ಸಾಲು ಒಂದರ ಕೆಳಗೊಂದು ಬಿದ್ದಿರುತ್ತದೆ. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಖಾತೆ ಆದ ಮೇಲೆ ಅಡ್ಮಿನ್, ಆಮೇಲೆ ಟೆಸ್ಟ್, ಉಬುಂಟು, ಪೋಸ್ಟ್‌ಗ್ರೆಸ್, ಒರೇಕಲ್ ಎಂಬ ಖಾತೆಗಳ ಹೆಸರು. ದಿನ ಕಳೆಯುವಷ್ಟರಲ್ಲಿ ಇಂಥ ಸಾಲುಗಳು ಸಾವಿರ ದಾಟುವುದು ಮಾಮೂಲಿ. ಇದನ್ನು ಕಂಡವರೆಲ್ಲ ಕೇಳುವುದು ಒಂದೇ: ಲಿನಕ್ಸ್‌ಗೆ ಕನ್ನ ಹಾಕುವುದು ಈಗ ಹೆಚ್ಚಾಗಿದೆಯೇ?

ಹೆಚ್ಚಾಗಿದೆ. ಆದರೆ ಎಲ್ಲಿ ಎಂಬುದನ್ನು ಬಿಡಿಸಿ ನೋಡಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿರುವ ಉಬುಂಟು ಅಥವಾ ಮಿಂಟ್‌ನ ಪರಿಸ್ಥಿತಿ ಅಷ್ಟೇನೂ ಬದಲಾಗಿಲ್ಲ. ದಿನದ 24 ಗಂಟೆಯೂ ಇಂಟರ್ನೆಟ್ಟಿಗೆ ಮುಖಮಾಡಿ ನಿಂತಿರುವ ಸರ್ವರ್, ರೌಟರ್, ಸಿಸಿಟಿವಿ ಪೆಟ್ಟಿಗೆಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲು ಲಿನಕ್ಸ್ ಮೇಲೇ ಓಡುತ್ತವೆ, ಕಳ್ಳರೂ ಅಲ್ಲಿಗೇ ಬಂದಿದ್ದಾರೆ. ಇದು ಇಂದು ನಿನ್ನೆಯದಲ್ಲ. 2001ರಲ್ಲಿ ರಾಮೆನ್ ಎಂಬ, ತಾನಾಗಿಯೇ ಹರಡುವ ಹುಳು (ವರ್ಮ್) ರೆಡ್ ಹ್ಯಾಟ್ 6.2 ಮತ್ತು 7.0 ಯಂತ್ರಗಳಲ್ಲಿ ಹರಡಿತ್ತು. 2011ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಹಂಚುವ ತಾಣದ ಸರ್ವರ್‌ಗಳಿಗೇ ಕನ್ನ ಬಿತ್ತು. ಎಕ್ಸ್‌ಒಆರ್ ಡಿಡಾಸ್ ಎಂಬ ಲಿನಕ್ಸ್ ಮಾಲ್‌ವೇರ್‌ನ ಚಟುವಟಿಕೆ ಆರು ತಿಂಗಳಲ್ಲಿ ಶೇ 254ರಷ್ಟು ಏರಿದೆ ಎಂದು 2022ರಲ್ಲಿ ಮೈಕ್ರೋಸಾಫ್ಟ್ ಹೇಳಿತು. ಎಬುರಿ ಎಂಬ ಹಿಂಬಾಗಿಲು (ಗುಟ್ಟಾಗಿ ಒಳಬರಲು ಬಿಡುವ ಮಾಲ್‌ವೇರ್) 2009ರಿಂದೀಚೆಗೆ ಸುಮಾರು 4 ಲಕ್ಷ ಸರ್ವರ್‌ಗಳನ್ನು ಹೊಕ್ಕಿದೆ ಎಂಬುದು 2024ರ ಮೇ ತಿಂಗಳಲ್ಲಿ ಇಸೆಟ್ ಕಂಪನಿ ಕೊಟ್ಟ ಲೆಕ್ಕ.

ಇಷ್ಟೊಂದು ಯಂತ್ರಗಳ ಒಳಗೆ ಹೋದ ದಾರಿ ಮಾತ್ರ ಬೆರಳೆಣಿಕೆಯಷ್ಟು: ಊಹಿಸಬಹುದಾದ ಪಾಸ್‌ವರ್ಡ್, ತೆರೆದಿಟ್ಟ ಪೋರ್ಟ್ (ಹೊರಗಿನ ಸಂಪರ್ಕ ಬರುವ ನಂಬರಿನ ಬಾಗಿಲು), ಅಪ್‌ಡೇಟ್ ಕಾಣದ ತಂತ್ರಾಂಶ, ಕದ್ದ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಗುಪ್ತ ಫೈಲ್). ಹಾಗಾಗಿ ಲೋಕದ ಅಂಕಿಅಂಶಕ್ಕಿಂತ ನಿಮ್ಮ ಯಂತ್ರದ ಸ್ಥಿತಿ ಮುಖ್ಯ. ಅದನ್ನು ಸುಮಾರು ಒಂದು ಗಂಟೆಯಲ್ಲಿ ನೋಡಿಕೊಳ್ಳಬಹುದು. ಕೆಳಗೆ ಕಮಾಂಡ್, ಫೈಲ್‌ಗಳ ಹೆಸರನ್ನು ಉಚ್ಚಾರಣೆಯಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಹೆಚ್ಚಿನವಕ್ಕೆ ಮುಂದೆ ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಬೇಕು.

ಹಂತ 1: ಬಾಗಿಲು ಬಡಿದದ್ದೋ, ಒಳಗೆ ಬಂದದ್ದೋ?

‘ಫೇಲ್ಡ್’ ಸಾಲುಗಳು ಬಾಗಿಲು ಬಡಿದ ಸದ್ದು, ಅಷ್ಟೇ. ಹುಡುಕಬೇಕಾದ ಪದ ‘ಆಕ್ಸೆಪ್ಟೆಡ್’. ಡೆಬಿಯನ್, ಉಬುಂಟುಗಳಲ್ಲಿ ಲಾಗಿನ್ ದಾಖಲೆ /ವಾರ್/ಲಾಗ್/ಆತ್.ಲಾಗ್ (/var/log/auth.log) ಫೈಲಿನಲ್ಲಿರುತ್ತದೆ. ಫೆಡೋರಾ, ರಾಕಿ, ರೆಡ್ ಹ್ಯಾಟ್‌ಗಳಲ್ಲಿ /ವಾರ್/ಲಾಗ್/ಸೆಕ್ಯೂರ್. ಡೆಬಿಯನ್ 12ರಿಂದ ಈಚೆಗೆ ಆ ಫೈಲೇ ಕಾಣದಿದ್ದರೆ ಯಾರೋ ಅಳಿಸಿದ್ದಾರೆಂದು ಹೆದರಬೇಡಿ. ಆ ಫೈಲನ್ನು ಬರೆಯುವ ಆರ್‌ಸಿಸ್‌ಲಾಗ್ ಈಗ ಅಲ್ಲಿ ತಾನಾಗಿ ಬರುವುದಿಲ್ಲ. ಜರ್ನಲ್‌ಸಿಟಿಎಲ್ ಕಮಾಂಡಿಗೆ -ಯು ಎಸ್‌ಎಸ್‌ಎಚ್ ಎಂದು ಕೊಟ್ಟರೆ ಅದೇ ದಾಖಲೆ ಸಿಗುತ್ತದೆ. ಎಸ್‌ಎಸ್‌ಎಚ್ ಎಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಸೇವೆ. ರೆಡ್ ಹ್ಯಾಟ್ ಬಳಗದಲ್ಲಿ ಆ ಸೇವೆಯ ಹೆಸರು ಎಸ್‌ಎಸ್‌ಎಚ್‌ಡಿ.

ಸಿಕ್ಕ ಫಲಿತಾಂಶವನ್ನು ಪದ ಹುಡುಕುವ ಗ್ರೆಪ್‌ ಕಮಾಂಡಿಗೆ ಕೊಟ್ಟು ‘ಆಕ್ಸೆಪ್ಟೆಡ್’ ಸಾಲುಗಳನ್ನಷ್ಟೇ ಹೆಕ್ಕಿ. ಇಂಗ್ಲಿಷಿನ ಮೊದಲಕ್ಷರ ದೊಡ್ಡದು. ಪ್ರತಿ ಸಾಲಿನಲ್ಲೂ ಯಾವ ಬಳಕೆದಾರ, ಯಾವ ಐಪಿ, ಪಾಸ್‌ವರ್ಡೋ ಕೀಯೋ ಎಂಬುದು ಇರುತ್ತದೆ. ಕೀ ಆಗಿದ್ದರೆ ಸಾಲಿನ ಕೊನೆಗೆ ‘ಎಸ್‌ಎಚ್‌ಎ256’ ಎಂದು ಶುರುವಾಗುವ ಬೆರಳಚ್ಚು ಇರುತ್ತದೆ. ಎಸ್‌ಎಸ್‌ಎಚ್-ಕೀಜೆನ್ ಕಮಾಂಡಿಗೆ -ಎಲ್‌ಎಫ್ ಆಯ್ಕೆ ಕೊಟ್ಟು ಒಳಬರಲು ಅನುಮತಿಯಿರುವ ಕೀಗಳ ಪಟ್ಟಿಯಾದ ನಿಮ್ಮ ಆಥರೈಸ್ಡ್_ಕೀಸ್ ಫೈಲಿನ ಹೆಸರು ಹಾಕಿದರೆ ಅದರಲ್ಲಿರುವ ಎಲ್ಲ ಕೀಗಳ ಬೆರಳಚ್ಚೂ ಕಾಣುತ್ತದೆ. ಎರಡನ್ನೂ ಹೊಂದಿಸಿ ನೋಡಿ. ನಿಮ್ಮದಲ್ಲದ ಒಂದು ಕೀ ಸಿಕ್ಕರೂ ನೇರವಾಗಿ ಹಂತ 6ಕ್ಕೆ ಹೋಗಿ.

ಲಾಸ್ಟ್ ಕಮಾಂಡ್ ಒಳಬಂದವರ ಪಟ್ಟಿ ಕೊಡುತ್ತದೆ, ಲಾಸ್ಟ್‌ಬಿ ವಿಫಲ ಯತ್ನಗಳದ್ದು. ಆದರೆ ರೂಟ್ ಅಧಿಕಾರ ಸಿಕ್ಕವರು ಇವನ್ನು ತಿದ್ದಬಲ್ಲರು. ಆದ್ದರಿಂದ ಸಾಲುಗಳಷ್ಟೇ ಅಲ್ಲ, ಖಾಲಿ ಜಾಗವನ್ನೂ ನೋಡಿ. ದಿನವಿಡೀ ನಿಮಿಷಕ್ಕೊಂದು ‘ಫೇಲ್ಡ್’ ಬೀಳುತ್ತಿದ್ದ ಲಾಗ್‌ನಲ್ಲಿ ನಡುರಾತ್ರಿ ಎರಡು ಗಂಟೆ ಏನೂ ಇಲ್ಲವೆಂದರೆ ಆ ಮೌನಕ್ಕೆ ಕಾರಣ ಹುಡುಕಲೇಬೇಕು.

ಹಂತ 2: ಯಾವ ಬಾಗಿಲು ತೆರೆದಿದೆ?

ಎಸ್‌ಎಸ್ ಕಮಾಂಡಿಗೆ ಟಿ, ಯು, ಎಲ್, ಪಿ, ಎನ್ ಐದೂ ಆಯ್ಕೆ ಸೇರಿಸಿ ಓಡಿಸಿ. ಯಾವ ಪ್ರೋಗ್ರಾಂ ಯಾವ ಪೋರ್ಟಿನಲ್ಲಿ ಕಾದು ಕೂತಿದೆ ಎಂಬ ಪಟ್ಟಿ ಬರುತ್ತದೆ. ವಿಳಾಸ 127.0.0.1 ಎಂದಿದ್ದರೆ ಅದು ಯಂತ್ರದ ಒಳಗಿನ ವ್ಯವಹಾರ. 0.0.0.0, ನಕ್ಷತ್ರ ಚಿಹ್ನೆ ಅಥವಾ ಚೌಕ ಆವರಣದೊಳಗೆ ಎರಡು ಕೋಲನ್ ಇದ್ದರೆ ಎಲ್ಲ ದಿಕ್ಕಿಗೂ ತೆರೆದಿದೆ ಎಂದರ್ಥ. ಸಾಮಾನ್ಯ ವೆಬ್ ಸರ್ವರ್‌ಗೆ 22, 80, 443 ಸಾಕು. 6379 ಕಂಡರೆ ರೆಡಿಸ್, 3306 ಮೈಎಸ್‌ಕ್ಯೂಎಲ್, 27017 ಮಾಂಗೊಡಿಬಿ, 9200 ಎಲಾಸ್ಟಿಕ್‌ಸರ್ಚ್ ಎಂಬ ದತ್ತಾಂಶ ಇಡುವ ತಂತ್ರಾಂಶಗಳು; 2375 ಕಂಡರೆ ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್. ಇವು ಹೊರಜಗತ್ತಿಗೆ ತೆರೆದಿರಬಾರದು. ಪಾಸ್‌ವರ್ಡ್ ಇಲ್ಲದ ರೆಡಿಸ್ ಸಿಕ್ಕಿದರೆ ಅದರ ದತ್ತಾಂಶ ಉಳಿಸುವ ಜಾಗವನ್ನೇ ಬದಲಿಸಿ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಫೋಲ್ಡರಿನಲ್ಲಿ ಫೈಲ್ ಬರೆಯುವುದು ದಾಳಿಕೋರರ ಹಳೆಯ ಚಾಳಿ. 2375 ತೆರೆದಿದ್ದರೆ ಪಾಸ್‌ವರ್ಡನ್ನೂ ಕೇಳದೆ ಡಾಕರ್ ಅವರ ಕಂಟೇನರನ್ನು ಓಡಿಸುತ್ತದೆ, ನಿಮ್ಮ ಇಡೀ ಡಿಸ್ಕನ್ನು ಅದಕ್ಕೆ ಜೋಡಿಸಿಯೂ ಕೊಡುತ್ತದೆ. ಕಿನ್ಸಿಂಗ್ ಎಂಬ ಕ್ರಿಪ್ಟೊ ಗಣಿಗಾರಿಕೆಯ ಮಾಲ್‌ವೇರ್ ಹರಡಿದ್ದು ಹೀಗೆಯೇ.

ಇಲ್ಲಿ ಅನುಭವಸ್ಥರೂ ಎಡವುವ ಒಂದು ಜಾಗವಿದೆ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿ 6379 ಮುಚ್ಚಿದ್ದೇವೆ ಎಂದು ನಿಶ್ಚಿಂತರಾಗಿರುತ್ತಾರೆ. ಆದರೆ ಡಾಕರ್‌ನಲ್ಲಿ -ಪಿ 6379:6379 ಎಂದು ಪೋರ್ಟ್ ಬಿಟ್ಟುಕೊಟ್ಟಾಗ ಡಾಕರ್ ತಾನೇ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಮೂಲ ಫೈರ್‌ವಾಲ್) ನಿಯಮ ಬರೆದುಕೊಳ್ಳುತ್ತದೆ. ಬರುವ ಸಂಪರ್ಕ ಯುಎಫ್‌ಡಬ್ಲ್ಯು ನಿಯಮಗಳನ್ನು ಮುಟ್ಟುವುದೇ ಇಲ್ಲ. ಯುಎಫ್‌ಡಬ್ಲ್ಯು ಸ್ಟೇಟಸ್ ಕೇಳಿದರೆ ಪೋರ್ಟ್ ಮುಚ್ಚಿದೆ ಎನ್ನುತ್ತದೆ, ಹೊರಗಿನವರಿಗೆ ಮಾತ್ರ ತೆರೆದೇ ಇರುತ್ತದೆ. 127.0.0.1:6379:6379 ಎಂದು ಬರೆಯುವುದೇ ಸರಿಯಾದ ಕ್ರಮ. ಡಾಕರ್‌ನ ಕಂಪೋಸ್ ಫೈಲಿನ ಪೋರ್ಟ್ಸ್ ಸಾಲಿನಲ್ಲೂ ಹಾಗೆಯೇ. ತಿದ್ದಿದ ಮೇಲೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿದ ಬೇರೊಂದು ಲ್ಯಾಪ್‌ಟಾಪಿನಿಂದ ನಿಮ್ಮ ಸರ್ವರ್ ವಿಳಾಸಕ್ಕೆ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಅನ್ನು ಎಲ್ಲ ಪೋರ್ಟ್‌ಗಳನ್ನೂ ನೋಡುವ -ಪಿ- ಆಯ್ಕೆಯೊಂದಿಗೆ ಓಡಿಸಿ. ಐಪಿವಿ6 ವಿಳಾಸವೂ ಇದ್ದರೆ -6 ಸೇರಿಸಿ ಇನ್ನೊಮ್ಮೆ. ಹೊರಗೆ ನಿಂತು ನೋಡುವವರೆಗೂ ಬಾಗಿಲು ಮುಚ್ಚಿದೆ ಎನ್ನಬೇಡಿ.

ಹಂತ 3: ಒಳಗೆ ಏನು ಓಡುತ್ತಿದೆ?

ನುಗ್ಗಿದವರಲ್ಲಿ ಹಲವರಿಗೆ ಬೇಕಿರುವುದು ನಿಮ್ಮ ಪ್ರೊಸೆಸರ್. ಮೊನೆರೊ ನಾಣ್ಯ ಅಗೆಯುವ ಎಕ್ಸ್‌ಎಂರಿಗ್ ಅಥವಾ ಅದರ ವೇಷ ಬದಲಿಸಿದ ಪ್ರತಿ ಟಾಪ್ ಕಮಾಂಡಿನಲ್ಲಿ ಮೇಲೆಯೇ ಕೂತಿರುತ್ತದೆ. ಕೆಲವು ಜಾಣ ಮಾಲ್‌ವೇರ್‌ಗಳು ಯಾರಾದರೂ ಲಾಗಿನ್ ಆದ ತಕ್ಷಣ ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. 2024ರಲ್ಲಿ ಬಯಲಾದ ಪರ್ಫ್‌ಸಿಟಿಎಲ್ ಅಂಥದ್ದು. ಹಾಗಾಗಿ ಸರ್ವರ್ ಕೊಟ್ಟ ಕಂಪನಿಯ ಡ್ಯಾಶ್‌ಬೋರ್ಡಿನ ಸಿಪಿಯು ಗ್ರಾಫನ್ನೂ ನೋಡಿ. ನೀವು ಲಾಗಿನ್ ಆಗಿದ್ದಷ್ಟು ಹೊತ್ತು ಗ್ರಾಫ್ ಇಳಿದು, ಹೊರಬಿದ್ದ ಮೇಲೆ ಮತ್ತೆ ಏರಿದ್ದರೆ ಅನುಮಾನಕ್ಕೆ ಬಲವಾದ ಕಾರಣವಿದೆ.

ವೇಷದಲ್ಲಿ ಅತಿ ಸಾಮಾನ್ಯವಾದುದು ಕರ್ನಲ್ ಥ್ರೆಡ್‌ನದು, ಅಂದರೆ ಕರ್ನಲ್ ತನ್ನ ಕೆಲಸಕ್ಕೆ ತಾನೇ ಓಡಿಸುವ ಪ್ರಾಸೆಸ್‌ನದು (ಓಡುತ್ತಿರುವ ಪ್ರತಿ ಪ್ರೋಗ್ರಾಂ ಒಂದು ಪ್ರಾಸೆಸ್). ಪಿಎಸ್ ಎಯುಎಕ್ಸ್ ಎಂದು ಕೊಟ್ಟರೆ ಕೆವರ್ಕರ್, ಕೆಸಾಫ್ಟ್‌ಐಆರ್‌ಕ್ಯೂಡಿ ಮುಂತಾದ ಹೆಸರುಗಳು ಚೌಕ ಆವರಣದೊಳಗೆ ಕಾಣುತ್ತವೆ. ಅವು ಕರ್ನಲ್‌ನವೇ ಎಂದು ಎಲ್ಲರೂ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಆ ಉದಾಸೀನವನ್ನೇ ನಂಬಿ ಮಾಲ್‌ವೇರ್ ತನ್ನ ಹೆಸರನ್ನು ಆವರಣ ಸಮೇತ ಕೆವರ್ಕರ್ ಎಂದು ಬದಲಿಸಿಕೊಳ್ಳುತ್ತದೆ. ಅಸಲಿ ನಕಲಿ ಗುರುತಿಸುವುದು ಸುಲಭ. ಅಸಲಿ ಕರ್ನಲ್ ಥ್ರೆಡ್‌ನ ತಂದೆ ಯಾವಾಗಲೂ 2ನೇ ನಂಬರಿನ ಪ್ರಾಸೆಸ್, ಅಂದರೆ ಕೆಥ್ರೆಡ್‌ಡಿ. ಪಿಎಸ್ -ಇಎಫ್ ಕೊಟ್ಟಾಗ ಮೂರನೇ ಕಾಲಮ್ಮಿನಲ್ಲಿ 2 ಇರಬೇಕು. ಕೆಥ್ರೆಡ್‌ಡಿಗೆ ಮಾತ್ರ 0. ಎರಡನೇ ಪರೀಕ್ಷೆ: ಎಲ್‌ಎಸ್ -ಎಲ್ /ಪ್ರಾಕ್/ನಂಬರ್/ಎಕ್ಸ್ಇ ಎಂದು ಕೊಡಿ, ‘ನಂಬರ್’ ಇರುವಲ್ಲಿ ಆ ಪ್ರಾಸೆಸ್‌ನ ನಂಬರ್ ಹಾಕಿ. ಅಸಲಿಯಾದರೆ ಆ ಕೊಂಡಿ ಎಲ್ಲಿಗೂ ಹೋಗುವುದಿಲ್ಲ, ಏಕೆಂದರೆ ಕರ್ನಲ್ ಥ್ರೆಡ್‌ಗೆ ಡಿಸ್ಕಿನಲ್ಲಿ ಫೈಲ್ ಇಲ್ಲ. ನಕಲಿಯಾದರೆ /ಟಿಎಂಪಿ, /ವಾರ್/ಟಿಎಂಪಿ ಅಥವಾ /ಡೆವ್/ಎಸ್‌ಎಚ್‌ಎಂ ಒಳಗಿನ ಯಾವುದೋ ಫೈಲಿನ ಹೆಸರು ಹೊರಬೀಳುತ್ತದೆ.

ಆ ಹೆಸರಿನ ಮುಂದೆ ‘ಡಿಲೀಟೆಡ್’ ಎಂದಿದ್ದರೆ ಓಡತೊಡಗಿದ ಮೇಲೆ ಫೈಲನ್ನು ಅಳಿಸಿದ್ದಾರೆ ಎಂದರ್ಥ. ದುಡುಕಬೇಡಿ. ಅಪ್‌ಡೇಟ್ ಆದ ಮೇಲೆ ಮರುಚಾಲನೆ ಆಗದ ಸೇವೆಗಳಲ್ಲೂ /ಯುಎಸ್‌ಆರ್ ಒಳಗಿನ ಹೆಸರಿಗೆ ಅದೇ ‘ಡಿಲೀಟೆಡ್’ ಬರುತ್ತದೆ, ಅದು ಸಹಜ. /ಟಿಎಂಪಿ ಒಳಗಿನದಕ್ಕೆ ಬಂದರೆ ಸಹಜವಲ್ಲ. ಅಳಿಸಿದ ಫೈಲಿನ ಪ್ರತಿ ಇನ್ನೂ ನಿಮ್ಮ ಕೈಯಲ್ಲೇ ಇದೆ: ಪ್ರಾಸೆಸ್ ಓಡುತ್ತಿರುವಾಗಲೇ ಸಿಪಿ ಕಮಾಂಡಿನಿಂದ /ಪ್ರಾಕ್/ನಂಬರ್/ಎಕ್ಸ್ಇಯನ್ನು ಬೇರೆಡೆಗೆ ನಕಲು ಮಾಡಿದರೆ ಪೂರ್ತಿ ಫೈಲ್ ಸಿಗುತ್ತದೆ. ಕಿಲ್ ಕೊಟ್ಟ ಮೇಲೆ ಸಿಗದು.

ಹಂತ 4: ಮತ್ತೆ ಬರಲು ಮಾಡಿಟ್ಟ ಏರ್ಪಾಟು

ಕಿಲ್ ಮಾಡಿದ ಪ್ರಾಸೆಸ್ ಒಂದೇ ನಿಮಿಷದಲ್ಲಿ ಹೊಸ ನಂಬರಿನೊಂದಿಗೆ ಎದ್ದು ಬಂದರೆ ಕ್ರಾನ್ ಅಥವಾ ಸೇವೆಗಳನ್ನು ನಡೆಸುವ ಸಿಸ್ಟಂಡಿ ಅದನ್ನು ಎಬ್ಬಿಸುತ್ತಿದೆ. ಕ್ರಾನ್‌ಟ್ಯಾಬ್ -ಎಲ್ ನಿಮ್ಮ ಹೆಸರಿನ ಪಟ್ಟಿಯನ್ನಷ್ಟೇ ತೋರಿಸುತ್ತದೆ, ಅಲ್ಲಿಗೇ ನಿಲ್ಲಬೇಡಿ. /ವಾರ್/ಸ್ಪೂಲ್/ಕ್ರಾನ್ ಫೋಲ್ಡರನ್ನು ಪೂರ್ತಿ ನೋಡಿ, ಅದರಲ್ಲೂ ವೆಬ್ ಸರ್ವರ್‌ನ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರನ ಹೆಸರಿನಲ್ಲಿ ಫೈಲ್ ಇದೆಯೇ ಎಂದು. ವರ್ಡ್‌ಪ್ರೆಸ್ ಪ್ಲಗಿನ್ ಮೂಲಕ ಬಂದವರು ಬಿಟ್ಟುಹೋಗುವ ಗುರುತು ಅದು. ಆಮೇಲೆ /ಇಟಿಸಿ/ಕ್ರಾನ್.ಡಿ, /ಇಟಿಸಿ/ಸಿಸ್ಟಂಡಿ/ಸಿಸ್ಟಂ, ಸಿಸ್ಟಂಸಿಟಿಎಲ್ ಲಿಸ್ಟ್-ಟೈಮರ್ಸ್ --ಆಲ್. ಯಾವುದೋ ಸಾಲಿನಲ್ಲಿ ಕರ್ಲ್ ಅಥವಾ ಡಬ್ಲ್ಯುಗೆಟ್‌ನಿಂದ ಏನನ್ನೋ ಇಳಿಸಿ ನೇರ ಬ್ಯಾಷ್‌ಗೆ ಕೊಡುತ್ತಿದ್ದರೆ, ಬೇಸ್64 ಎಂದು ಕಂಡರೆ, ಅದನ್ನು ಸೇರಿಸಿದ್ದು ಯಾರು ಎಂದು ಖಚಿತವಾಗುವವರೆಗೆ ಬಿಡಬೇಡಿ.

/ಇಟಿಸಿ/ಪಾಸ್‌ವಡ್ (/etc/passwd) ಫೈಲಿನಲ್ಲಿ ಮೂರನೇ ಜಾಗದಲ್ಲಿ 0 ಇರುವ ಹೆಸರು ರೂಟ್ ಒಂದೇ ಇರಬೇಕು. ಪ್ರತಿ ಬಳಕೆದಾರನ .ಎಸ್‌ಎಸ್‌ಎಚ್ ಫೋಲ್ಡರ್ ತೆರೆದು ನೋಡಿ, ರೂಟ್‌ನದನ್ನೂ ಬಿಡದೆ.

ಇನ್ನೊಂದು ಫೈಲ್ /ಇಟಿಸಿ/ಎಲ್‌ಡಿ.ಎಸ್‌ಒ.ಪ್ರಿಲೋಡ್. ಹೆಚ್ಚಿನ ಯಂತ್ರಗಳಲ್ಲಿ ಇದು ಇರುವುದೇ ಇಲ್ಲ. ಇದರಲ್ಲಿ ಹೆಸರಿಸಿದ ಲೈಬ್ರರಿ ಪ್ರತಿ ಪ್ರೋಗ್ರಾಂ ಜತೆಗೂ ತಾನಾಗಿ ಸೇರಿಕೊಳ್ಳುವುದರಿಂದ, ಎಲ್‌ಎಸ್ ತೋರಿಸಬೇಕಾದ ಫೈಲನ್ನು, ಪಿಎಸ್ ತೋರಿಸಬೇಕಾದ ಪ್ರಾಸೆಸ್ಸನ್ನು ಅದು ನಡುವೆಯೇ ಮರೆಮಾಡಬಲ್ಲದು. ಸಿಪಿಯು ಶೇ 100 ಓಡುತ್ತಿದ್ದರೂ ಟಾಪ್‌ನಲ್ಲಿ ಯಾವ ಪ್ರಾಸೆಸ್ಸೂ ಅಷ್ಟು ತಿನ್ನುತ್ತಿಲ್ಲ ಎಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆಗ ಬ್ಯುಸಿಬಾಕ್ಸ್-ಸ್ಟ್ಯಾಟಿಕ್ ಪ್ಯಾಕೇಜ್ ಹಾಕಿ, ಬ್ಯುಸಿಬಾಕ್ಸ್ ಪಿಎಸ್, ಬ್ಯುಸಿಬಾಕ್ಸ್ ಕ್ಯಾಟ್ ಎಂದು ಬಳಸಿ. ಅದಕ್ಕೆ ಹೊರಗಿನ ಲೈಬ್ರರಿ ಬೇಕಿಲ್ಲವಾದ್ದರಿಂದ ಈ ಮೋಸ ಅದರ ಮೇಲೆ ನಡೆಯದು. ಕರ್ನಲ್ ಒಳಗೇ ಕುಳಿತ ರೂಟ್‌ಕಿಟ್ (ತನ್ನ ಗುರುತು ಮರೆಮಾಡುವ ಮಾಲ್‌ವೇರ್) ಇದ್ದರೆ ಇದೂ ಸುಳ್ಳು ಹೇಳುತ್ತದೆ. ಆಗ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಅಥವಾ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಹೊರಗಿನಿಂದ ನೋಡುವುದೊಂದೇ ದಾರಿ.

ರೂಟ್ ಆಗಿದ್ದರೂ ಯಾವುದೋ ಫೈಲನ್ನು ಅಳಿಸಲು ಆಗುತ್ತಿಲ್ಲವೇ? ಎಲ್‌ಎಸ್‌ಆಟರ್ ಕೊಟ್ಟು ನೋಡಿ. ಐ ಅಕ್ಷರ ಕಂಡರೆ ಅದಕ್ಕೆ ಬೀಗ ಹಾಕಿದ್ದಾರೆ. ಸಿಎಚ್‌ಆಟರ್ -ಐ ಆ ಬೀಗ ತೆಗೆಯುತ್ತದೆ.

ಹಂತ 5: ಮೂಲ ಫೈಲುಗಳು ಮೂಲದಂತೆಯೇ ಇವೆಯೇ?

ಡೆಬಿಯನ್ ಬಳಗದಲ್ಲಿ ಡಿಪಿಕೆಜಿ --ವೆರಿಫೈ, ರೆಡ್ ಹ್ಯಾಟ್ ಬಳಗದಲ್ಲಿ ಆರ್‌ಪಿಎಂ -ವಿಎ. ಎರಡನೆಯದರಲ್ಲಿ ವಿ ದೊಡ್ಡಕ್ಷರ. ಸಾಲಿನ ಮೂರನೇ ಅಕ್ಷರ 5 ಎಂದಿದ್ದರೆ ಫೈಲಿನ ಒಳಗಿನದು ಬದಲಾಗಿದೆ. ಪಕ್ಕದಲ್ಲಿ ಸಿ ಇದ್ದರೆ ಅದು ನೀವೇ ತಿದ್ದಿರಬಹುದಾದ ಕಾನ್ಫಿಗ್ ಫೈಲ್. ಆದರೆ /ಯುಎಸ್‌ಆರ್/ಬಿನ್, /ಯುಎಸ್‌ಆರ್/ಎಸ್‌ಬಿನ್, ಲೈಬ್ರರಿ ಫೋಲ್ಡರುಗಳಲ್ಲಿ 5 ಬರಲು ಕಾರಣವೇ ಇಲ್ಲ. ಎಬುರಿ ಅಡಗಿ ಕೂತಿದ್ದು ಎಸ್‌ಎಸ್‌ಎಚ್ ಜತೆ ಸೇರಿಕೊಳ್ಳುವ ಲಿಬ್‌ಕೀಯುಟಿಲ್ಸ್ ಎಂಬ ಲೈಬ್ರರಿಯ ಜಾಗದಲ್ಲಿ. ಬಂದುಹೋಗುವವರ ಪಾಸ್‌ವರ್ಡ್‌ಗಳೆಲ್ಲ ಅಲ್ಲಿಂದ ಸೋರಿದವು. ಆರ್‌ಕೆಹಂಟರ್, ಚ್ಕ್‌ರೂಟ್‌ಕಿಟ್ (chkrootkit) ಎಂಬ ರೂಟ್‌ಕಿಟ್ ಹುಡುಕುವ ಉಪಕರಣಗಳೂ ಇವೆ. ಅವುಗಳ ಹುಸಿ ಎಚ್ಚರಿಕೆ ಜಾಸ್ತಿ, ಅವುಗಳ ಮಾತೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಹಂತ 6: ಕನ್ನ ಖಚಿತವಾದರೆ

ಮೊದಲು ಕೈ ಹೋಗುವುದು ರೀಬೂಟ್‌ಗೆ. ತಡೆಯಿರಿ. ಮೆಮೊರಿಯಲ್ಲಿರುವುದೂ /ಡೆವ್/ಎಸ್‌ಎಚ್‌ಎಂನಲ್ಲಿರುವುದೂ ರೀಬೂಟ್ ಆದ ಕೂಡಲೇ ಹೋಗುತ್ತವೆ, ಬಂದ ದಾರಿ ತಿಳಿಯುವ ಸಾಕ್ಷ್ಯ ಅಲ್ಲೇ ಇರಬಹುದು. ಕ್ಲೌಡ್ ಕಂಪನಿಯ ಫೈರ್‌ವಾಲ್‌ನಲ್ಲಿ ನಿಮ್ಮೊಬ್ಬರ ಐಪಿ ಬಿಟ್ಟು ಒಳಬರುವುದು, ಹೊರಹೋಗುವುದು ಎರಡನ್ನೂ ಕಟ್ಟಿಹಾಕಿ. ಡಿಸ್ಕ್ ಸ್ನ್ಯಾಪ್‌ಶಾಟ್ ತೆಗೆಯಿರಿ. ಪ್ರಾಸೆಸ್, ಪೋರ್ಟ್ ಪಟ್ಟಿಗಳನ್ನೂ ಲಾಗ್‌ಗಳನ್ನೂ ಬೇರೆ ಯಂತ್ರಕ್ಕೆ ನಕಲು ಮಾಡಿ.

ಆಮೇಲೆ ಯಂತ್ರವನ್ನು ಶುದ್ಧಮಾಡಲು ಹೊರಡಬೇಡಿ, ಹೊಸದಾಗಿ ಕಟ್ಟಿ. ರೂಟ್ ಅಧಿಕಾರ ಹೋದ ಯಂತ್ರದಲ್ಲಿ ನೀವು ಕಂಡುಹಿಡಿದ ನಾಲ್ಕು ಏರ್ಪಾಟಿನ ಆಚೆ ಐದನೆಯದು ಇಲ್ಲವೆಂದು ಹೇಳಲು ಸಾಧ್ಯವಿಲ್ಲ. ಹಳೆಯದರಿಂದ ದತ್ತಾಂಶವನ್ನಷ್ಟೇ ತನ್ನಿ. ಪ್ರೋಗ್ರಾಂ ಫೈಲು, ಸ್ಕ್ರಿಪ್ಟ್ ಬೇಡ. ವರ್ಡ್‌ಪ್ರೆಸ್ ಆದರೆ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಒಂದೂ ಇರದಂತೆ ನೋಡಿಕೊಳ್ಳಿ. ಆ ಯಂತ್ರದಲ್ಲಿದ್ದ ಪ್ರತಿ ಪಾಸ್‌ವರ್ಡ್, ಡೇಟಾಬೇಸ್ ಕೀ, ಕ್ಲೌಡ್ ಟೋಕನ್, ಖಾಸಗಿ ಎಸ್‌ಎಸ್‌ಎಚ್ ಕೀ ಕಳ್ಳರ ಕೈಯಲ್ಲಿದೆ ಎಂದೇ ಭಾವಿಸಿ ಬೇರೊಂದು ಸ್ವಚ್ಛ ಯಂತ್ರದಿಂದ ಎಲ್ಲವನ್ನೂ ಬದಲಿಸಿ. ದಾರಿ ಯಾವುದೆಂದು ಗೊತ್ತಾಗದೆ ಹಳೆಯ ಬ್ಯಾಕಪ್ಪನ್ನೇ ಏರಿಸಿದರೆ ಅದೇ ಬಾಗಿಲಿನಿಂದ ಅವರೇ ಮತ್ತೆ ಬರುತ್ತಾರೆ.

ಭಾರತದಲ್ಲಿ ಕಂಪನಿ, ಸಂಸ್ಥೆಗಳ ಸರ್ವರ್ ಆಗಿದ್ದರೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ವಿಷಯ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಿಡಬೇಕು. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದರಲ್ಲಿ ಒಂದು ನಿಮಿಷವೂ ತಡ ಬೇಡ.

ಹಂತ 7: ಬಾಗಿಲಿಗೆ ಸರಿಯಾದ ಬೀಗ

ಪಾಸ್‌ವರ್ಡ್ ಲಾಗಿನ್ ತೆಗೆದುಹಾಕುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 ಕೊಟ್ಟು ಕೀ ಮಾಡಿ, ಅದಕ್ಕೆ ಪಾಸ್‌ಫ್ರೇಸ್ ಇಡಿ. ಎಸ್‌ಎಸ್‌ಎಚ್-ಕಾಪಿ-ಐಡಿ ಬಳಸಿ ಸರ್ವರ್‌ಗೆ ಸಾಗಿಸಿ. ಕೀ ಒಪ್ಪದಿದ್ದರೆ ಅನುಮತಿ ನೋಡಿ: .ಎಸ್‌ಎಸ್‌ಎಚ್ ಫೋಲ್ಡರ್ 700, ಆಥರೈಸ್ಡ್_ಕೀಸ್ 600 ಇರಬೇಕು, ಹೋಮ್ ಫೋಲ್ಡರಿಗೆ ಬೇರೆಯವರು ಬರೆಯುವಂತಿರಬಾರದು.

ಆಮೇಲೆ ಎಸ್‌ಎಸ್‌ಎಚ್ ಸೇವೆಯ ಸೆಟ್ಟಿಂಗ್ ಫೈಲಾದ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ನೋ, ಕೆಬಿಡಿಇಂಟರ‍್ಯಾಕ್ಟಿವ್‌ಆಥೆಂಟಿಕೇಶನ್ ನೋ, ಪರ್ಮಿಟ್‌ರೂಟ್‌ಲಾಗಿನ್ ನೋ. ಉಬುಂಟು ಕ್ಲೌಡ್ ಸರ್ವರ್‌ಗಳಲ್ಲಿ ಇಷ್ಟು ಮಾಡಿಯೂ ಪಾಸ್‌ವರ್ಡ್ ನಡೆಯುತ್ತಲೇ ಇರುವುದುಂಟು. ಎಸ್‌ಎಸ್‌ಎಚ್‌ಡಿ ಒಂದೇ ಆಯ್ಕೆ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್ ಮೊದಲೇ ಓದಲ್ಪಡುವುದರಿಂದ ಅಲ್ಲಿರುವ 50-ಕ್ಲೌಡ್-ಇನಿಟ್ ಫೈಲಿನ ‘ಯೆಸ್’ ಗೆಲ್ಲುತ್ತದೆ. ನಿಮ್ಮ ಸಾಲುಗಳನ್ನು ಅದೇ ಫೋಲ್ಡರಿನಲ್ಲಿ 10ರಿಂದ ಶುರುವಾಗುವ ಹೆಸರಿನ ಕಾನ್ಫ್ ಫೈಲಿನಲ್ಲಿ ಬರೆಯಿರಿ. ಎಸ್‌ಎಸ್‌ಎಚ್‌ಡಿ -ಟಿ ಎಂದು ಸಣ್ಣಕ್ಷರದಲ್ಲಿ ಕೊಟ್ಟರೆ ತಪ್ಪಿದ್ದರೆ ಹೇಳುತ್ತದೆ, ದೊಡ್ಡಕ್ಷರದ ಟಿ ಕೊಟ್ಟರೆ ಎಲ್ಲ ಸೇರಿ ಕೊನೆಗೆ ಯಾವ ಬೆಲೆ ನಿಂತಿತು ಎಂದು ತೋರಿಸುತ್ತದೆ. ಸೇವೆಯನ್ನು ರೀಲೋಡ್ ಮಾಡಿದ ಮೇಲೆ ಈಗಿರುವ ಕಿಟಕಿ ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ. ಈ ಒಂದು ಎಚ್ಚರಿಕೆ ಮರೆತು ತಮ್ಮ ಸರ್ವರ್‌ನಿಂದ ತಾವೇ ಹೊರಗುಳಿದವರು ಬಹಳ.

ಎಸ್‌ಎಸ್‌ಎಚ್ ಕಾಯುವ ಪೋರ್ಟ್ 22 ಬದಲಿಸಿದರೆ ಲಾಗ್‌ನ ಗದ್ದಲ ಇಳಿಯುತ್ತದೆ, ಭದ್ರತೆ ಏರುವುದಿಲ್ಲ. ಫೇಲ್2ಬ್ಯಾನ್ ಎಂಬ ಉಪಕರಣ ಐದು ತಪ್ಪಿಗೆ ಆ ಐಪಿಯನ್ನು ಹತ್ತು ನಿಮಿಷ ಹೊರಗಿಡುತ್ತದೆ, ಆದರೆ ನೂರಾರು ಐಪಿಗಳಿಂದ ಒಂದೊಂದೇ ಬಾರಿ ಬಡಿಯುವವರ ಮುಂದೆ ಅದು ಕೈಲಾಗದ್ದು.

ಅಪ್‌ಡೇಟ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇದೆಯೆಂದು ಆಂಡ್ರೆಸ್ ಫ್ರಾಯಿಂಡ್ ಬಹಿರಂಗಪಡಿಸಿದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾದದ್ದೇ ಅವರಿಗೆ ಸಿಕ್ಕ ಸುಳಿವು. ಅದಾದ ಮೇಲೆ ಅಪ್‌ಡೇಟ್ ಮಾಡದಿರುವುದೇ ಕ್ಷೇಮ ಎನ್ನುವವರಿದ್ದಾರೆ. ಆ ಆವೃತ್ತಿಗಳು ಪರೀಕ್ಷಾರ್ಥ ಮತ್ತು ರೋಲಿಂಗ್ (ಹೊಸ ಆವೃತ್ತಿಗಳನ್ನು ಸತತವಾಗಿ ಕೊಡುವ) ಲಿನಕ್ಸ್ ವಿತರಣೆಗಳನ್ನಷ್ಟೇ ತಲುಪಿದ್ದವು. ಡೆಬಿಯನ್ ಸ್ಟೇಬಲ್‌ನಂಥವನ್ನು ಮುಟ್ಟಲಿಲ್ಲ. ಅಪ್‌ಡೇಟ್ ನಿಲ್ಲಿಸಿದ ಬೆಲೆ ಎಷ್ಟೆಂದು 2017ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ನಯಾನಾ ಎಂಬ ಹೋಸ್ಟಿಂಗ್ ಕಂಪನಿಗೆ ತಿಳಿಯಿತು. 2008ರಲ್ಲಿ ಕಟ್ಟಿದ ಕರ್ನಲ್ ಮೇಲೆ ಓಡುತ್ತಿದ್ದ ಅದರ ವ್ಯವಸ್ಥೆಗೆ ಎರೆಬಸ್ ರ‍್ಯಾನ್ಸಮ್‌ವೇರ್ ನುಗ್ಗಿ 153 ಲಿನಕ್ಸ್ ಸರ್ವರ್‌ಗಳಿಗೆ ಬೀಗ ಜಡಿಯಿತು. ಕಂಪನಿ ಸುಮಾರು 10 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ಕ್ಕೇ ಬೆಂಬಲ ಮುಗಿದಿದೆ. ಅದರ ಮೇಲೆ ಇನ್ನೂ ಕಚೇರಿ ನಡೆಯುತ್ತಿದ್ದರೆ ಸ್ಥಳಾಂತರದ ಕೆಲಸ ಈ ವಾರವೇ ಶುರುವಾಗಲಿ. ಉಳಿದವರು ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ (ಡೆಬಿಯನ್ ಬಳಗ) ಅಥವಾ ಡಿಎನ್‌ಎಫ್-ಆಟೊಮ್ಯಾಟಿಕ್ (ರೆಡ್ ಹ್ಯಾಟ್ ಬಳಗ) ಚಾಲೂ ಮಾಡಿ. ಹೊಸ ಕರ್ನಲ್ ಬಂದರೂ ರೀಬೂಟ್ ಆಗುವವರೆಗೆ ಓಡುವುದು ಹಳೆಯದೇ. ಉಬುಂಟುವಿನಲ್ಲಿ /ವಾರ್/ರನ್/ರೀಬೂಟ್-ರಿಕ್ವೈರ್ಡ್ ಫೈಲ್ ಇದ್ದರೆ ಅದಕ್ಕಾಗಿ ಕಾಯುತ್ತಿದೆ ಎಂದರ್ಥ.

ಮನೆಯ ಡೆಸ್ಕ್‌ಟಾಪ್, ರೌಟರ್, ಕ್ಯಾಮೆರಾ

ಡೆಸ್ಕ್‌ಟಾಪಿಗೆ ಅಪಾಯ ಬರುವುದು ಹೆಚ್ಚಾಗಿ ನಮ್ಮ ಕೈಯಾರೆ ಹಾಕಿಕೊಂಡದ್ದರಿಂದ. 2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್ ತಾಣಕ್ಕೆ ಕನ್ನ ಹಾಕಿದವರು 17.3 ಸಿನಮನ್ ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಕೊಂಡಿಯನ್ನು ಹಿಂಬಾಗಿಲಿನ ಪ್ರತಿಗೆ ತಿರುಗಿಸಿದ್ದರು. ಇಳಿಸಿದ ಐಎಸ್‌ಒದ ಎಸ್‌ಎಚ್‌ಎ256 ಮೊತ್ತವನ್ನು ಅದೇ ಪುಟದ ಜತೆ ಹೋಲಿಸಿದರೆ ಸಾಲದು, ಪುಟವೇ ತಿದ್ದಲ್ಪಟ್ಟಿರಬಹುದು. ಫೈಲ್ ತಯಾರಕರದ್ದೇ ಎಂದು ತೋರಿಸುವ ಜಿಪಿಜಿ ಡಿಜಿಟಲ್ ಸಹಿಯನ್ನೂ ಪರೀಕ್ಷಿಸಿ. ಎಲ್ಲೋ ಕಂಡ ಕರ್ಲ್ ಸಾಲನ್ನು ನೇರ ಬ್ಯಾಷ್‌ಗೆ ಕೊಡುವ ಮೊದಲು ಫೈಲಾಗಿ ಇಳಿಸಿ ಓದಿ.

ರೌಟರ್, ಡಿವಿಆರ್ ಪೆಟ್ಟಿಗೆಗಳನ್ನು ಕಂಪ್ಯೂಟರ್ ಎಂದು ಯಾರೂ ಎಣಿಸುವುದಿಲ್ಲ, ಆದರೆ 2016ರ ಮಿರಾಯ್ ಎಂಬ ಮಾಲ್‌ವೇರ್ ಕಟ್ಟಿದ ಸೈನ್ಯ ಅವುಗಳದ್ದೇ. ಅದರ ಬಳಿ ಇದ್ದದ್ದು ಕಾರ್ಖಾನೆಯಿಂದಲೇ ಬರುವ 60 ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ. ಅಷ್ಟರಿಂದಲೇ ಅಕ್ಟೋಬರ್ 21ರಂದು ಡಿನ್ ಕಂಪನಿಯ ಡಿಎನ್‌ಎಸ್ ಸೇವೆ (ತಾಣದ ಹೆಸರಿನಿಂದ ಐಪಿ ವಿಳಾಸ ತಿಳಿಸುವುದು) ಕುಸಿಯಿತು. ಮಿರಾಯ್ ಮೆಮೊರಿಯಲ್ಲಷ್ಟೇ ಬದುಕುವುದರಿಂದ ಸ್ವಿಚ್ ಆರಿಸಿ ಹಾಕಿದರೆ ಹೋಗುತ್ತದೆ, ಪಾಸ್‌ವರ್ಡ್ ಹಾಗೇ ಇದ್ದರೆ ಮತ್ತೆ ಬರುತ್ತದೆ. ಕ್ಯಾಮೆರಾ ಕೂರಿಸಿದವರು ಇಟ್ಟುಹೋದ ಪಾಸ್‌ವರ್ಡನ್ನು ಇಂದೇ ಬದಲಿಸಿ. ರೌಟರ್ ಪುಟದಲ್ಲಿ ಟೆಲ್ನೆಟ್ (ಹಳೆಯ ದೂರಲಾಗಿನ್), ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟ್ ತೆರೆಯುವ ಸೌಲಭ್ಯ), ಹೊರಗಿನಿಂದ ನಿರ್ವಹಣೆ ಮೂರನ್ನೂ ಆರಿಸಿ.

ಕೊನೆಯದಾಗಿ ಹತ್ತು ನಿಮಿಷದ ಒಂದು ಕೆಲಸ. ಹೊಸ ಸರ್ವರ್ ಕಟ್ಟಿ ಮುಗಿಸಿದ ದಿನವೇ ಎಸ್‌ಎಸ್ ಪಟ್ಟಿ, ಸಿಸ್ಟಂಸಿಟಿಎಲ್ ಲಿಸ್ಟ್-ಯುನಿಟ್-ಫೈಲ್ಸ್, ಕ್ರಾನ್ ಫೋಲ್ಡರುಗಳು, ಆಥರೈಸ್ಡ್_ಕೀಸ್, /ಇಟಿಸಿ/ಪಾಸ್‌ವಡ್ ಇಷ್ಟನ್ನೂ ಒಂದು ಪಠ್ಯ ಫೈಲಿಗೆ ಬರೆಸಿ, ಆ ಫೈಲನ್ನು ಸರ್ವರ್‌ನಲ್ಲಿ ಬಿಡದೆ ನಿಮ್ಮ ಲ್ಯಾಪ್‌ಟಾಪಿಗೆ ತಂದಿಡಿ. ತಿಂಗಳಿಗೊಮ್ಮೆ ಅದೇ ಪಟ್ಟಿ ಮತ್ತೆ ತೆಗೆದು ಡಿಫ್ ಕಮಾಂಡಿಗೆ ಎರಡನ್ನೂ ಕೊಟ್ಟರೆ ನಡುವೆ ಸೇರಿಕೊಂಡ ಒಂದೇ ಒಂದು ಸಾಲಿದ್ದರೂ ಎದ್ದು ಕಾಣುತ್ತದೆ.